ಹೆದರಿ ಹಾಕಿದ ನೀರು

ಇದನ್ನು ಬರೆಯುತ್ತೇನೆ ಎಂದಾಗ ನನ್ನ ಮಗಳು, "ಬೇರೇನೂ ಸಿಗಲಿಲ್ವಾಮ್ಮ ನಿಂಗೆ? ಈ ಕಾಲದಲ್ಲಿ ಅದನ್ನೆಲ್ಲ ಯಾಕೆ ಕೆದಕ್ತೀಯ, ಬಿಡು" ಎಂದಳು. ಅವಳು ಹೇಳುವುದರಲ್ಲಿ ತಪ್ಪಿಲ್ಲ. ಹೆದರಿಕೆ ನನಗೂ ಇದೆ. ಆದರೆ ನಮ್ಮ ಮನೆಯ ಬಗ್ಗೆ ಬರೆಯಲು ಕೂತು ಹೆದರಿಕೆಯೊಂದನ್ನು ಬಿಟ್ಟು ಬರೆದರೆ, ಉಳಿಯುವುದು ನಾಲ್ಕು ಗೋಡೆ ಮತ್ತು ಒಂದು ಸೀಮೆಎಣ್ಣೆ ಸ್ಟವ್ ಅಷ್ಟೇ. ನಾವು ಹೆದರಿಕೊಂಡೇ ಉಂಡವರು, ಹೆದರಿಕೊಂಡೇ ಜಪಮಾಡಿದವರು, ಹೆದರಿಕೊಂಡೇ ನಕ್ಕವರು. ಯಾರಾದರೂ ಹೆದರಿಸಿದ್ದರೇ ಎಂದು ಕೇಳಿದರೆ, ಇಲ್ಲ, ಯಾರೂ ಹೆದರಿಸಿರಲಿಲ್ಲ. ಅದೇ ತಮಾಷೆ.

ಮನೆ ಇದ್ದದ್ದು ಬಡವನಹಳ್ಳಿಯ ಅಂಚಿನಲ್ಲಿ, ರಸ್ತೆಯ ಹುಣಸೆಮರಗಳು ಮುಗಿಯುವ ಕಡೆ. ಸರ್ಕಾರ ಕಟ್ಟಿಸಿಕೊಟ್ಟ ಎರಡು ಕೋಣೆ. ಅಮ್ಮ ಆ ಊರಿಗೂ ಸುತ್ತಲ ಹಳ್ಳಿಗಳಿಗೂ ನರ್ಸಮ್ಮ. ಮುಂದಿನ ಕೋಣೆ ಊರಿನದು: ಒಂದು ಬೆಂಚು, ಕೂಸುಗಳನ್ನು ತೂಗುವ ತಕ್ಕಡಿ, ಸೂಜಿ ಕುದಿಸುವ ಪಾತ್ರೆ, ಗೋಡೆಯ ಮೇಲೆ ದುಂಡು ಕೆನ್ನೆಯ ಮಗುವಿರುವ ಸರ್ಕಾರಿ ಪಟ. ಒಳಕೋಣೆ ನಮ್ಮದು. ಅಲ್ಲಿ ಗೋಡೆಯ ಗೂಡಿನಲ್ಲಿ ಮರಿಯಮ್ಮನವರ ಚಿತ್ರ, ಒಂದು ಶಿಲುಬೆ, ಗರಿಗಳ ಭಾನುವಾರದಂದು ಪೂಜೆಯಿಂದ ತಂದ ಒಣಗರಿ, ಹಳೇ ಔಷಧಿ ಬಾಟಲಿಯಲ್ಲಿ ಚರ್ಚಿನ ಗುರುಗಳು ಮಂತ್ರಿಸಿಕೊಟ್ಟ ತೀರ್ಥ. ಎರಡು ಕೋಣೆಯ ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೇ ಸೀರೆಯ ಪರದೆಯಿತ್ತು. ಆ ಪರದೆಯ ವಿಷಯದಲ್ಲಿ ಅಮ್ಮ ಬಲು ಬಿಗಿ. ಬಸುರಿ ಹೆಂಗಸು ಬೆಂಚಿನ ಮೇಲೆ ಕೂತಿದ್ದರೆ ಒಳಗೆ ಯಾರೂ ಜಪಸರ ಹಿಡಿಯುವಂತಿಲ್ಲ. ಅಮ್ಮ ಹೆರಿಗೆಗೆ ಹೊರಟಾಗ ಪರದೆಯ ಒಳಗೇ ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ಪರದೆ ಸರಿಸಿ ಚೀಲ ಎತ್ತಿಕೊಳ್ಳುತ್ತಿದ್ದಳು. ಇನ್ನೊಬ್ಬರ ಮನೆಯೊಳಗೆ ಕಾಲಿಟ್ಟ ಮೇಲೆ ತುಟಿ ಅಲ್ಲಾಡಿಸಿದ್ದನ್ನು ಯಾರೂ ನೋಡಿಲ್ಲ.

ಅಪ್ಪ ಮಧುಗಿರಿಯ ಒಂದು ಶಾಲೆಯಲ್ಲಿ ಅಟೆಂಡರ್. ಸಂಜೆ ಬಸ್ಸಿಳಿದು ಬಂದವನು ಚಪ್ಪಲಿ ಬಿಡುವ ಮೊದಲೇ ಕಿಟಕಿ ಮುಚ್ಚುತ್ತಿದ್ದ. ಆಮೇಲೆ ಜಪಸರ. "ನಮೋ ಮರಿಯಾ" ಎಂದು ನಾನು ಶಾಲೆಯಲ್ಲಿ ಮಗ್ಗಿ ಹೇಳುವ ದನಿಯಲ್ಲಿ ಶುರುಮಾಡಿದರೆ, "ಮೆತ್ತಗೆ ಸಿಸಿಲಿ, ಮೆತ್ತಗೆ" ಎನ್ನುತ್ತಿದ್ದ. ಹೀಗಾಗಿ ದೇವರ ಹತ್ತಿರ ಪಿಸುಮಾತಿನಲ್ಲೇ ಮಾತಾಡಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಊರಿನವರಿಗೆ ನಾವು ಯಾರೆಂದು ಗೊತ್ತಿಲ್ಲದೆ ಇರಲಿಲ್ಲ. ಯುಗಾದಿಗೆ ನಮಗೆ ಒಬ್ಬಟ್ಟು ಬರುತ್ತಿತ್ತು, ಕ್ರಿಸ್ಮಸ್ಸಿಗೆ ನಮ್ಮ ಕಜ್ಜಾಯ ಅವರಿಗೆ ಹೋಗುತ್ತಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾವು ಬಾಡು ಬಿಟ್ಟಾಗ ಪಕ್ಕದ ಮನೆಯ ರಂಗಮ್ಮ, "ಇದೇನ್ ನರ್ಸಮ್ಮ, ನಿಮ್ಗೂ ಸ್ರಾವಣ ಬತ್ತದಾ?" ಎಂದು ಕೇಳಿ ಬಾಯಿ ತುಂಬ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ. ನಕ್ಕು ಒಳಗೆ ಬಂದು, "ಊರು ಒಳ್ಳೇದೇ. ಆದ್ರೆ ನಾವಿರೋದು ಒಂದೇ ಮನೆ" ಎನ್ನುತ್ತಿದ್ದ. ಆ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಒಂದೇ ಮನೆಯಾಗಿರುವುದು ಒಂದು ಕಾಯಿಲೆಯೆಂದು ನನಗೆ ಅನ್ನಿಸುತ್ತಿತ್ತು.

ನಮ್ಮ ಮನೆಯಲ್ಲಿ ಹೆದರದೆ ಇದ್ದವಳು ಒಬ್ಬಳೇ, ಅಪ್ಪನ ತಾಯಿ ಜ್ಞಾನಜ್ಜಿ. ಹರೆಯದಲ್ಲಿ ಅವಳು ಕನ್ಯಾಸ್ತ್ರೀಯರ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಹಲ್ಲೆಲ್ಲ ಹೋಗಿ ಮುದ್ದೆ ನುಂಗಲು ಸಾರು ಹೆಚ್ಚು ಬೇಕೆನ್ನುವ ಕಾಲಕ್ಕೂ ಆ ಆಸ್ಪತ್ರೆಯ ಜಂಬ ಹೋಗಿರಲಿಲ್ಲ. ಅವಳ ಕಥೆಗಳು ಊಟದ ಹೊತ್ತಿಗೇ ಬರುತ್ತಿದ್ದವು. ಒಂದು ಸಲ ಹುರುಳಿಕಾಳಿನ ಬಸ್ಸಾರು ಬಡಿಸಿಕೊಳ್ಳುತ್ತ ಶುರುಮಾಡಿದಳು.

"ಎಷ್ಟ್ ಕೂಸುಗಳ್ನ ಮೋಕ್ಷಕ್ಕೆ ಕಳ್ಸಿವ್ನಿ ಗೊತ್ತೇನೆ ಸಿಸಿಲಿ? ಇನ್ನೇನ್ ಉಸ್ರು ಹೋಯ್ತದೆ ಅನ್ನುವಾಗ, ಮುಖ ಒರಸೋ ಅಂಗೆ ಮಾಡಿ ಹಣೆ ಮ್ಯಾಲೆ ನೀರ್ ಹಾಕ್ಬುಡ್ತಿದ್ದೆ. ಮಂತ್ರ ಹೇಳ್ಬುಡ್ತಿದ್ದೆ. ಪಕ್ಕದಲ್ಲಿರೋ ತಾಯಿಗೂ ಗೊತ್ತಾಗ್ತಿರ್ಲಿಲ್ಲ."

ಸಾವಿನ ಅಂಚಿನಲ್ಲಿರುವ ಕೂಸಿಗೆ ಗುರುಗಳೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಟ್ಟು ಅದನ್ನು ಕ್ರೈಸ್ತ ಮಾಡಬಹುದು, ಅದಿಲ್ಲದೆ ಮೋಕ್ಷವಿಲ್ಲ ಎಂದು ಧರ್ಮೋಪದೇಶದ ಪಾಠದಲ್ಲಿ ನಮಗೂ ಕಲಿಸಿದ್ದರು. ಆಗ ಹೇಳಬೇಕಾದ ಮಾತೂ ಕಲಿಸಿದ್ದರು. ಆದರೆ ಅಜ್ಜಿಯ ಬಾಯಲ್ಲಿ ಅದು ಸಾಹಸದ ಕಥೆಯಾಗುತ್ತಿತ್ತು. ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಅತ್ತೆ, ಆ ಮಾತು ಈ ಮನೇಲಿ ಬೇಡ ಅಂತ ಎಷ್ಟು ಸಲ ಹೇಳಿದೀನಿ. ಅವರ ಮಕ್ಕಳು ಅವರವು. ನನ್ನ ಕೈಗೆ ಕೊಡ್ತಾರಲ್ಲ, ನಂಬಿ ಕೊಡ್ತಾರೆ."

"ಅವ್ರದು ಇವ್ರದು ಅಂತ ನೋಡ್ಕೊಂಡ್ ಕೂತ್ರೆ ಏನಾಯ್ತದೆ ನಂಗೊತ್ತು. ನಿನ್ ಚೊಚ್ಚಲ ಮಗೀಗೆ ಒಂದ್ ಹನಿ ನೀರ್ ಹಾಕೋರ್ ಇರ್ಲಿಲ್ಲ. ಇವತ್ಗೂ ಅದು ಬೆಳಕಿಲ್ದಿರೋ ಜಾಗ್ದಲ್ಲಿ ಕುಂತೈತೆ."

ಅಮ್ಮ ಅರ್ಧ ಮುದ್ದೆ ಉಳಿದ ತಟ್ಟೆಯಲ್ಲೇ ಕೈತೊಳೆದು ಎದ್ದುಹೋದಳು. ಅಪ್ಪ ತಲೆ ಎತ್ತಲಿಲ್ಲ. ನನಗೆ ಮೊದಲು ಒಬ್ಬ ಅಣ್ಣ ಹುಟ್ಟಿದ್ದ, ಅರ್ಧ ದಿನ ಇದ್ದ, ಹೆಸರಿಡುವ ಮೊದಲೇ ಹೋದ ಎಂಬುದು ನನಗೆ ಗೊತ್ತಿತ್ತು. ಅವನು ಇನ್ನೂ ಎಲ್ಲೋ ಕೂತಿದ್ದಾನೆ ಎಂಬುದು ಅವತ್ತು ಗೊತ್ತಾಯಿತು. ಆಗ ನನಗೆ ಒಂಬತ್ತು ವರ್ಷ. ಹಿತ್ತಲ ಕತ್ತಲಿಗೆ ಹೋಗಬೇಕಾದಾಗಲೆಲ್ಲ, ದೀಪವಿಲ್ಲದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕೂತ ಕೂಸು ಕಣ್ಣಿಗೆ ಕಟ್ಟುತ್ತಿತ್ತು. ನಾನು ಓಡುತ್ತಲೇ ಹೋಗಿ ಓಡುತ್ತಲೇ ಬರುತ್ತಿದ್ದೆ.

ಆ ವರ್ಷವೇ ಪಕ್ಕದ ಮನೆಯ ರಂಗಮ್ಮನ ಸೊಸೆ ಲಕ್ಷ್ಮಕ್ಕ ಹೆತ್ತಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು, ಅದೂ ದಿನ ತುಂಬುವ ಮೊದಲೇ ಆದ ಹೆರಿಗೆ. ಹೆಣ್ಣು ಕೂಸು, ಅಂಗೈಯಗಲ ಮುಖ. ಅಮ್ಮ ಒಂದು ರಾತ್ರಿ ಒಂದು ಹಗಲು ಅಲ್ಲೇ ಇದ್ದು ಬಂದಳು. ಬಂದವಳು ಊಟ ಮಾಡದೆ ಮಲಗಿದಳು. ಕೂಸಿಗೆ ಚೀಪುವ ಶಕ್ತಿಯಿರಲಿಲ್ಲ, ಹಾಲು ಹಿಂಡಿ ಹತ್ತಿಯಲ್ಲಿ ಅದ್ದಿ ಬಾಯಿಗೆ ಬಿಡುತ್ತಿದ್ದರು. ಅಮ್ಮ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಮಧುಗಿರಿಯಲ್ಲಿ ಮೀಟಿಂಗು, ತಪ್ಪಿಸುವಂತಿರಲಿಲ್ಲ. ಬಿಸಿನೀರಿನ ಬಾಟಲಿಗೆ ಸುತ್ತುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ರಂಗಮ್ಮಜ್ಜಿಗೆ ತಲುಪಿಸಿ ಬಾ ಎಂದು ಹೇಳಿ ಬಸ್ಸು ಹತ್ತಿದಳು. ನಾನು ಹೋದಾಗ ರಂಗಮ್ಮ ಸೊಸೆಗೆ ನೀರೆರೆಯಲು ಎದ್ದಿದ್ದಳು.

"ಬಾರವ್ವ ಸಿಸ್ಲಿ, ಒಳ್ಳೆ ಟೇಮಿಗ್ ಬಂದೆ. ಮಗೀನ್ ತಾವ ಒಂದ್ ಗಳ್ಗೆ ಕುಂತಿರು, ಇವ್ಳಿಗೆ ನೀರ್ ಹಾಕ್ಕೊಂಡ್ ಬಂದ್ಬುಡ್ತೀನಿ."

ಬಾಣಂತಿ ಕೋಣೆಗೆ ಕಿಟಕಿಯಿರಲಿಲ್ಲ. ಸಾಂಬ್ರಾಣಿ ಹೊಗೆ, ಬೇವಿನ ಎಲೆ, ಹಸಿ ಹಾಲಿನ ವಾಸನೆ. ಕೂಸಿನ ತಲೆದೆಸೆಯಲ್ಲಿ ಗಾಳಿ ಸೋಕದಿರಲೆಂದು ಇಟ್ಟ ಒಂದು ಕುಡುಗೋಲು, ಪಕ್ಕದಲ್ಲಿ ಒಂದು ಚೊಂಬು ನೀರು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, "ತಲೆ ಬಗ್ಸು, ಇನ್ನೊಂದ್ ಚೂರು" ಎನ್ನುವ ರಂಗಮ್ಮನ ದನಿ ಕೇಳುತ್ತಲೇ ಇತ್ತು. ನಾನು ಕೂಸಿನ ಎದೆಯನ್ನೇ ನೋಡುತ್ತ ಕೂತೆ. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಏಳಲಿಲ್ಲ. ಕಾದೆ. ಏಳಲಿಲ್ಲ. ತುಟಿಯ ಸುತ್ತ ನೀಲಿ ಬಂತು, ನೇರಳೆಹಣ್ಣು ತಿಂದ ಬಾಯಿಯ ಬಣ್ಣ. ಆಗ ನನ್ನ ತಲೆಯೊಳಗೆ ಇದ್ದದ್ದು ಒಂದೇ, ಇದೂ ಹೋಗಿ ಆ ಕತ್ತಲೆಯಲ್ಲಿ ಅಣ್ಣನ ಪಕ್ಕ ಕೂರುತ್ತದೆ ಎಂಬುದು. ಚೊಂಬೆತ್ತಿದೆ. ಹೆಸರು ಹೊಳೆಯದಿದ್ದರೆ ಮರಿಯಾ ಎನ್ನಬೇಕು ಎಂದು ಅಜ್ಜಿ ಹೇಳಿದ್ದಳು. "ಮರಿಯಾ, ನಾನು ನಿನಗೆ ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಜ್ಞಾನಸ್ನಾನ ಕೊಡುತ್ತೇನೆ" ಎಂದು ಮೂರು ಸಲ ನೀರು ಹಾಕಿದೆ. ಅಂದದ್ದು ಪಿಸುಮಾತಿನಲ್ಲಿ, ನನಗೆ ಬೇರೆ ದನಿ ಗೊತ್ತಿರಲಿಲ್ಲ. ನೀರು ಹಣೆಯಿಂದ ಕಿವಿಗೆ, ಕಿವಿಯಿಂದ ಕತ್ತಿಗೆ ಹರಿಯಿತು. ಆ ತಣ್ಣೀರಿಗೆ ಕೂಸು ಬೆಚ್ಚಿಬಿದ್ದು ಕೈಯೆರಡನ್ನೂ ಎತ್ತಿ, ಒಂದು ಸಲ ಬಿಕ್ಕಿ, ಅಳತೊಡಗಿತು.

ಅಳು ಕೇಳಿ ರಂಗಮ್ಮ ಬಂದಳು. ಕೂಸಿನ ತಲೆ ಮುಟ್ಟಿ ನೋಡಿ, "ಇದ್ಯಾಕೆ ಒದ್ದೆ ಆಗೈತೆ?" ಎಂದಳು. "ಚೊಂಬು ತಾಗಿ ಚೆಲ್ತು ಅಜ್ಜಿ" ಎಂದೆ. ಅವಳು ಸೆರಗಿನಲ್ಲಿ ಒರೆಸಿ ಕೂಸನ್ನು ಎದೆಗೆ ಒತ್ತಿಕೊಂಡಳು, ನನ್ನ ಕಡೆ ನೋಡಲಿಲ್ಲ. ನಾನು ಮನೆಗೆ ಬಂದು ಜ್ಞಾನಜ್ಜಿಗೆ ಹೇಳಿದೆ. ಅವಳನ್ನು ಬಿಟ್ಟರೆ ಹೇಳಬಹುದಾದವರು ಯಾರೂ ಇರಲಿಲ್ಲ. ಅಜ್ಜಿ ನನ್ನ ತಲೆ ಸವರಿ, ಬೆಲ್ಲದ ಚೂರು ಕೊಟ್ಟು, "ನನ್ ಮೊಮ್ಮಗ್ಳು ಅಂದ್ರೆ ನೀನು" ಎಂದಳು. ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಕೇಳಿದಳು.

"ಸತ್ತೋಯ್ತಲ್ಲ, ಯಾವಾಗ ಮಣ್ಣು?"

"ಸಾಯ್ಲಿಲ್ಲ ಅಜ್ಜಿ. ಅಳ್ತು. ಚೆನ್ನಾಗೈತೆ."

ಅಜ್ಜಿಯ ಮುಖ ಇಳಿಯಿತು. ಅವಳು ನೀರು ಹಾಕಿದ ಕೂಸುಗಳಲ್ಲಿ ಒಂದೂ ಬದುಕಿರಲಿಲ್ಲವೆಂದು ಕಾಣುತ್ತದೆ, ಹಾಗಾಗಿ ಮುಂದಿನದನ್ನು ಅವಳೂ ಯೋಚಿಸಿರಲಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿ ಹೇಳಿದಳು.

"ಅಂಗಾದ್ರೆ ಅದು ಈಗ ನಮ್ದು ಕಣೆ. ಬೆಳ್ದು ಬೇರೆ ದೇವ್ರಿಗ್ ಕೈ ಮುಗುದ್ರೆ ಮ್ಯಾಲೆ ನಿನ್ನೇ ಕೇಳ್ತಾರೆ. ಯಾರ್ಗೂ ಹೇಳ್ಬ್ಯಾಡ."

ಅಲ್ಲಿಂದಾಚೆಗೆ ನನ್ನ ನಿದ್ದೆ ಹೋಯಿತು. ಕೂಸು ಮಾತ್ರ ದಿನದಿನಕ್ಕೆ ಚಿಗುರಿಕೊಂಡಿತು. ಎಲ್ಲರೂ ಅಮ್ಮನ ಕೈಗುಣ ಹೊಗಳಿದರು. ಹೆಸರಿಡುವ ದಿನ ನಮ್ಮನ್ನೂ ಕರೆದರು. ತೊಟ್ಟಿಲಿಗೆ ಬಗ್ಗಿ ರಂಗಮ್ಮ ಅದರ ಕಿವಿಯಲ್ಲಿ "ಮಂಜುಳ, ಮಂಜುಳ, ಮಂಜುಳ" ಎಂದು ಮೂರು ಸಲ ಹೇಳಿದಾಗ, ಆ ಕಿವಿಗೆ ನಾನು ಮೊದಲೇ ಒಂದು ಹೆಸರು ಹಾಕಿಬಿಟ್ಟಿದ್ದೇನೆ ಎಂದು ನೆನಪಾಯಿತು. ಕಡಲೆಕಾಳು ಉಸಲಿ ಕೈಯಲ್ಲಿ ಹಿಡಿದೇ ಹೊರಗೆ ಓಡಿದೆ. ಕೂಸನ್ನು ಗುಡಿಗೆ ಹೊತ್ತುಕೊಂಡು ಹೋಗಿ ಹಣೆಗೆ ಭಂಡಾರ ಹಚ್ಚಿಕೊಂಡು ಬಂದರೆ ಮೇಲೆ ನನ್ನ ಹೆಸರಿನ ಮುಂದೆ ಒಂದು ಗೀಟು ಬಿತ್ತು ಎನ್ನಿಸುತ್ತಿತ್ತು. ಅದು ಒಂದು ಕಡೆಯ ಹೆದರಿಕೆ. ಇನ್ನೊಂದು ಕಡೆ ಅಪ್ಪ. ಯಾವುದೋ ಊರಲ್ಲಿ ನಮ್ಮಂಥವರ ಮನೆಗೆ ಕಲ್ಲು ಬಿತ್ತಂತೆ ಎಂದು ಶಾಲೆಯಲ್ಲಿ ಕೇಳಿಕೊಂಡು ಬಂದು, ಕಿಟಕಿಗೆ ಎರಡನೇ ಚಿಲಕ ಹಾಕಿಸಿದ. ಅವನು ಮೊಳೆ ಹೊಡೆಯುವಾಗ ಚಿಲಕ ಹಿಡಿದುಕೊಂಡು ನಿಂತವಳು ನಾನು. ಕಲ್ಲು ಬೀಳುವುದಾದರೆ ನನ್ನಿಂದಲೇ ಬೀಳುತ್ತದೆ ಎಂದು ಗೊತ್ತಿದ್ದೂ ಚಿಲಕ ನೆಟ್ಟಗೆ ಹಿಡಿದುಕೊಂಡಿದ್ದೆ.

ಮಧುಗಿರಿಯ ಒಂದು ಪುಟ್ಟ ಪ್ರಾರ್ಥನಾ ಮನೆಗೆ ತಿಂಗಳಿಗೊಮ್ಮೆ ಗುರುಗಳು ಬರುತ್ತಿದ್ದರು. ಆ ಭಾನುವಾರ ಪೂಜೆಗೆ ಮುಂಚೆ ಪಾಪನಿವೇದನೆಗೆ ಮಂಡಿಯೂರಿ, ಬೆಲ್ಲ ಕದ್ದದ್ದು, ಸುಳ್ಳು ಹೇಳಿದ್ದು ಎಲ್ಲ ಒಪ್ಪಿಸಿ, ಕೊನೆಗೆ ಇದನ್ನು ಹೇಳಿದೆ. ಗುರುಗಳು ವಯಸ್ಸಾದವರು, ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದವರು ಕಣ್ಣು ಬಿಟ್ಟರು.

"ಮಗು, ಬೇರೆಯವರ ಕೂಸಿಗೆ ಅವರನ್ನು ಕೇಳದೆ ಹಾಗೆ ಮಾಡಬಾರದಿತ್ತು. ಆದರೆ ಆ ಕೂಸನ್ನು ಯಾರೂ ನಿನ್ನ ಲೆಕ್ಕಕ್ಕೆ ಬರೆದಿಲ್ಲ. ದೇವರು ನಿನ್ನ ಅಜ್ಜಿಗಿಂತ ದೊಡ್ಡವನು. ಮನೆಗೆ ಹೋಗಿ ನಿನ್ನ ತಾಯಿಗೆ ಹೇಳು."

"ಹೇಳಿದ್ರೆ ಹೊಡೀತಾಳೆ ಸ್ವಾಮಿ."

"ಹೊಡೆದರೆ ಹೊಡೆಸಿಕೊ. ಅದೇ ನಿನ್ನ ಪ್ರಾಯಶ್ಚಿತ್ತ."

ಅಮ್ಮ ಹೊಡೆಯಲಿಲ್ಲ. ಸೂಜಿ ಕುದಿಸುತ್ತಿದ್ದವಳು ಸ್ಟವ್ ಆರಿಸಿ ಬೆಂಚಿನ ಮೇಲೆ ಕೂತಳು. ಅವಳ ಮುಖದಲ್ಲಿ ನಾನು ನೋಡಿದ್ದು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರು ನೋಡಿದರು, ಯಾರಿಗೆ ಹೇಳಿದೆ, ಜೋರಾಗಿ ಹೇಳಿದೆಯಾ ಮೆತ್ತಗೆ ಹೇಳಿದೆಯಾ ಎಂದು ಒಂದೊಂದಾಗಿ ಕೇಳಿದಳು. ಅಜ್ಜಿಗೆ ಗೊತ್ತು ಎಂದಾಗ ಪರದೆ ಸರಿಸಿ ಒಳಗೆ ಹೋಗಿ, ಮೊದಲ ಬಾರಿಗೆ ಅತ್ತೆಯನ್ನು ಏಕವಚನದಲ್ಲಿ ಬೈದಳು. ಜ್ಞಾನಜ್ಜಿ ಗೋಡೆಗೆ ತಿರುಗಿ ಮಲಗಿದಳು. ಸಂಜೆ ಅಪ್ಪನಿಗೂ ಹೇಳಿದ್ದಾಯಿತು. ಅವತ್ತು ಅವನು ಕಿಟಕಿ ಮುಚ್ಚುವುದನ್ನೂ ಮರೆತ.

"ಕೊರಟಗೆರೆ ಕಡೆಗೆ ಟ್ರಾನ್ಸ್‌ಫರ್ ಕೇಳೋಣ. ಯಾರಿಗೂ ಗೊತ್ತಾಗೋ ಮುಂಚೆ ಹೋಗಿಬಿಡೋಣ ಕಣೆ."

"ಹೋದ್ರೆ? ಅಲ್ಲೂ ಹೆರಿಗೆ ಮಾಡಿಸ್ಬೇಕಲ್ಲ ನಾನು. ಒಬ್ಬರ ಮನೇಲಿ ಹೀಗಾಗಿದೆ ಅಂತ ಮನಸ್ಸಲ್ಲಿ ಇಟ್ಕೊಂಡು ಇನ್ನೊಬ್ಬರ ಮನೇಲಿ ಹೆಂಗೆ ಕೈಯಾಡಿಸ್ಲಿ? ನಾನೇ ಹೋಗಿ ರಂಗಮ್ಮಂಗೆ ಹೇಳ್ತೀನಿ."

"ಹೇಳಿದ್ರೆ ಮುಗೀತು. ಒಬ್ಬರೂ ನಿನ್ನ ಹೊಸಿಲು ದಾಟಿಸಲ್ಲ. ಆಮೇಲೆ ಕಲ್ಲು..."

ಎರಡು ದಿನ ಇದೇ ನಡೆಯಿತು. ಒಲೆ ಹತ್ತಿತು, ಯಾರಿಗೂ ಊಟ ಸೇರಲಿಲ್ಲ. ಜಪಸರ ಹಿಡಿದರೆ ಅಪ್ಪನಿಗೆ ಎಣಿಕೆ ತಪ್ಪುತ್ತಿತ್ತು. ಹೊರಗೆ ಸೈಕಲ್ ನಿಂತ ಸದ್ದಾದರೂ ಅಪ್ಪ, ಅಮ್ಮ, ನಾನು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾನು ಸತ್ತುಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ, ಸತ್ತರೆ ಮೇಲೆ ಏನು ಹೇಳಲಿ ಎಂದು ಅದಕ್ಕೂ ಹೆದರಿದೆ. ಮೂರನೆಯ ದಿನ ಬೆಳಿಗ್ಗೆ ಅಪ್ಪ ಬಸ್ಸಿಗೆ ಹೋದ ಮೇಲೆ ಅಮ್ಮ ಸೀರೆ ಬದಲಾಯಿಸಿ ನನ್ನ ಕೈ ಹಿಡಿದುಕೊಂಡಳು.

ರಂಗಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಜಜ್ಜುತ್ತ ಕೂತಿದ್ದಳು. ಲಕ್ಷ್ಮಕ್ಕ ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದಳು. ಅಮ್ಮ ರಂಗಮ್ಮನ ಎದುರು ನೆಲದ ಮೇಲೆ ಕೂತಳು, ಊರಿನ ಯಾರ ಮನೆಯಲ್ಲೂ ಅವಳಿಗೆ ಮಣೆ ಹಾಕದೆ ಬಿಡುತ್ತಿರಲಿಲ್ಲ, ಅವತ್ತು ಮಣೆಗೆ ಕಾಯಲಿಲ್ಲ. "ಇವಳು ನಿಮಗೊಂದು ವಿಷಯ ಹೇಳ್ಬೇಕು" ಎಂದಳು. ನಾನು ಹೇಳಿದೆ. ಎದೆ ಏಳದೆ ಇದ್ದದ್ದು, ಬಾಯಿ ನೀಲಿಯಾದದ್ದು, ಚೊಂಬು, ನೀರು, ನಾನು ಅಂದ ಮಾತು, ಇಟ್ಟ ಹೆಸರು. ಚೆಲ್ಲಿತು ಎಂದದ್ದು ಸುಳ್ಳು ಎಂದೂ ಹೇಳಿದೆ. ಹೇಳುವಾಗ ರಂಗಮ್ಮನ ಕೈಯ ಕಲ್ಲು ನಿಂತಿತು. ಅವಳು ಅದನ್ನು ಕೆಳಗಿಡಲಿಲ್ಲ, ಎತ್ತಲೂ ಇಲ್ಲ. ನಾನು ಆ ಕಲ್ಲನ್ನೇ ನೋಡುತ್ತಿದ್ದೆ. ಅಮ್ಮ, "ಕ್ಷಮಿಸಿ ಅಂತ ಕೇಳೋಕೂ ನಂಗೆ ಬಾಯಿಲ್ಲ ರಂಗಮ್ಮೋರೆ. ನನ್ನ ಬರಬೇಡ ಅಂದ್ರೆ ಬರಲ್ಲ. ಸರ್ಕಾರಕ್ಕೆ ಬರೆದುಕೊಡಿ ಅಂದ್ರೆ ಬರೆದುಕೊಡ್ತೀನಿ" ಎಂದಳು. ರಂಗಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ಮಗು ಉಸ್ರು ನಿಲ್ಸಿದ್ದು ನೋಡ್ದೆ ನೀನು?"

"ಹೂಂ ಅಜ್ಜಿ."

"ನಾನು ಬಚ್ಚಲಲ್ಲಿವ್ನಿ ಅಂತ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತೆ ನನ್ನ ಯಾಕ್ ಕೂಗ್ಲಿಲ್ಲ?"

ಅದು ಗುರುಗಳು ಕೇಳದೆ ಇದ್ದದ್ದು, ಅಜ್ಜಿ ಕೇಳದೆ ಇದ್ದದ್ದು, ನಾನೇ ನನ್ನನ್ನು ಒಂದು ಸಲವೂ ಕೇಳಿಕೊಳ್ಳದೆ ಇದ್ದದ್ದು. ಅವತ್ತು ಗೋಡೆಯಾಚೆ ನೀರಿನ ಸದ್ದು ಕೇಳುತ್ತಿತ್ತು, ಅವಳ ದನಿ ಕೇಳುತ್ತಿತ್ತು.

"ನೀರು ತಣ್ಗಿತ್ತು, ಬೆಚ್ಚಿ ಉಸ್ರು ಎಳ್ಕಂತು. ಎಳ್ಕಳ್ದೆ ಇದ್ದಿದ್ರೆ? ಕೂತು ನಿನ್ ಮಂತ್ರ ಮುಗುಸ್ತಿದ್ದೆ ಅಲ್ವಾ? ಒಂದ್ ಕೂಗು ಹಾಕಿದ್ರೆ ಅಂಗೇ ಓಡ್ಬಂದ್ಬುಡ್ತಿದ್ದೆ ಕಣವ್ವ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೊನೆಗೆ ಕಲ್ಲನ್ನು ಕೆಳಗಿಟ್ಟು, ಸೊಸೆಗೆ ಕೇಳದಂತೆ ಅಮ್ಮನ ಕಡೆ ಬಗ್ಗಿದಳು.

"ನಮ್ ಹುಡ್ಗಿಗೆ ಹೇಳ್ಬ್ಯಾಡ, ಹೆದ್ರುಕೊಂತಾಳೆ. ಊರ್ಗೂ ಬ್ಯಾಡ. ನೀನು ಬಾ ನರ್ಸಮ್ಮ, ಸೂಜಿ ಹಾಕಕ್ಕೆ ನೀನೇ ಬರ್ಬೇಕು. ಇವ್ಳು ಮಾತ್ರ ಇನ್ ಮ್ಯಾಲೆ ಮಗೀನ್ ತಾವ ಒಬ್ಳೇ ಕೂರೋದು ಬ್ಯಾಡ."

ಅಮ್ಮನ ಕೆಲಸ ಉಳಿಯಿತು, ಮನೆ ಉಳಿಯಿತು, ಒಂದು ಕಲ್ಲೂ ಬೀಳಲಿಲ್ಲ. ನನ್ನ ಎದೆಯ ಮೇಲಿಂದ ಎಲ್ಲ ಇಳಿಯಬೇಕಿತ್ತು. ಇಳಿಯಲಿಲ್ಲ. ರಂಗಮ್ಮನ ಮನೆಯಿಂದ ನಮ್ಮ ಮನೆಗೆ ಮೂವತ್ತು ಹೆಜ್ಜೆ, ಅರ್ಧ ದಾರಿಯಲ್ಲಿ ಅಮ್ಮ ನನ್ನ ಕೈ ಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡದೆ ಮಾತಾಡಿದಳು.

"ನರ್ಸು ಕಣೆ ನಾನು. ಎರಡು ದಿನ ನಿನ್ನ ಏನೇನೋ ಕೇಳಿದೆ. ಯಾರು ನೋಡಿದ್ರು, ಯಾರಿಗೆ ಹೇಳ್ದೆ, ಎಲ್ಲ ಕೇಳಿದೆ. ಯಾಕೆ ಕೂಗ್ಲಿಲ್ಲ ಅನ್ನೋದೊಂದನ್ನ ಕೇಳ್ಲಿಲ್ಲ ನೋಡು."

ಹಾಗೆಂದು ಅಮ್ಮ ದಾರಿಯಲ್ಲೇ ಕೂತುಬಿಟ್ಟಳು.